ನನ್ನ ಫೈಲಿಗೆ ಹೆಂಡತಿಯ ಅಪ್ಪಣೆ

ನಾನೇ ಬರೆದ ಪ್ರಬಂಧವನ್ನು ಓದಲು ನನಗೇ ಅನುಮತಿಯಿಲ್ಲವೆಂದು ಕಂಪ್ಯೂಟರ್ ಹೇಳಿದಾಗ, ಚಹಾ ಆರುವವರೆಗೂ ಕಪ್ಪು ಹಿಡಿದೇ ಕುಳಿತಿದ್ದೆ. ಸಂಪಾದಕರು ನನ್ನ ಬರಹಗಳನ್ನು ಹಿಂದಿರುಗಿಸಿದ್ದುಂಟು. ಬರಹವನ್ನು ಒಳಗಿಟ್ಟುಕೊಂಡು ಬರೆದವನನ್ನು ಹಿಂದಿರುಗಿಸಿದ್ದು ಇದೇ ಮೊದಲು.

ತಪ್ಪು ನನ್ನದೇ. ಹಿಂದಿನ ದಿನ ಭಾನುವಾರದ ಹುರುಪಿನಲ್ಲಿ ಹಳೆಯ ಆಪರೇಟಿಂಗ್ ಸಿಸ್ಟಮ್ ಕಿತ್ತು ಹೊಸದನ್ನು ಹಾಕಿದ್ದೆ. ನಮ್ಮಿಬ್ಬರ ಫೈಲುಗಳಿದ್ದ ಜಾಗವನ್ನು ಮಾತ್ರ ಮುಟ್ಟಿರಲಿಲ್ಲ. ಸಂಜೆಯೊಳಗೆ ಕನ್ನಡ ಸಂಘದ ವಿಶೇಷ ಸಂಚಿಕೆಗೆ ಪ್ರಬಂಧ ಹೋಗಬೇಕಿತ್ತು. ವಿಷಯ, ನನ್ನ ಹೆಂಡತಿ ಸುಮಂಗಲಾ ಮತ್ತು ಅವಳ ಮುನ್ನೂರು ಡಬ್ಬಿಗಳು. ಸಂಘದ ಸಂಚಿಕೆಯನ್ನು ಅವಳು ಆ ಡಬ್ಬಿಗಳ ಕೆಳಗೆ ಹಾಸುತ್ತಾಳೆಯೇ ಹೊರತು ಓದುವುದಿಲ್ಲ ಎಂಬ ಧೈರ್ಯದಲ್ಲಿ ಬರೆದದ್ದು.

ಅಂಧೇರಿಯ ಆಫೀಸಿನಲ್ಲಿದ್ದ ಮಗಳಿಗೆ ಫೋನ್ ಮಾಡಿದೆ.

"ಅಪ್ಪಾ, ಕಂಪ್ಯೂಟರ್‌ಗೆ ನೇಮ್ ಗೊತ್ತಿರೂದಿಲ್ಲ, ನಂಬರ್ ಅಷ್ಟೇ. ಫಸ್ಟ್ ಯಾರ ಅಕೌಂಟ್ ಮಾಡ್ತೀರಿ, ಅವ್ರು ಥೌಸಂಡ್. ನೆಕ್ಸ್ಟ್‌ವಾಲಾ ಥೌಸಂಡ್ ಒನ್. ಫೈಲ್ ಮ್ಯಾಲೆ ವಹೀ ನಂಬರ್ ಬರ್ದಿರ್ತದ."

ಇದು ನನಗೆ ತಟ್ಟನೆ ಅರ್ಥವಾಯಿತು. ನಮ್ಮ ಗೋರೆಗಾಂವ್ ಬಿಲ್ಡಿಂಗಿನ ವಾಚ್‌ಮನ್‌ಗೆ ಹನ್ನೆರಡು ವರ್ಷಗಳಿಂದ ನಾನು 'ತೀನ್ ಸೌ ದೋ', ಅಂದರೆ ಮುನ್ನೂರೆರಡನೆಯ ನಂಬರಿನ ಮನೆ. ನಾಳೆ ನಾವು ಮನೆ ಖಾಲಿ ಮಾಡಿದರೆ ಅಲ್ಲಿಗೆ ಬರುವವನೇ ತೀನ್ ಸೌ ದೋ. ನನ್ನ ಕೊರಿಯರನ್ನು ವಾಚ್‌ಮನ್ ಅವನ ಕೈಗೆ ಸಲಾಮು ಹೊಡೆದು ಕೊಡುತ್ತಾನೆ, ಪಾಪ, ಅವನ ತಪ್ಪೇನೂ ಇಲ್ಲ.

ಕಂಪ್ಯೂಟರ್ ಹೊಸದಾಗಿ ಮನೆಗೆ ಬಂದಾಗ ಸುಮಂಗಲಾ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಆರತಿ ಎತ್ತಿದ್ದಳು. ಮೊದಲು ಮನೆಯೊಡತಿಯ ಹೆಸರಿರಲಿ ಎಂದು ಅವಳ ಖಾತೆಯನ್ನೇ ಮೊದಲು ತೆರೆದಿದ್ದೆ. ಈ ಸಲ ಪೂಜೆಯೂ ಇಲ್ಲ, ಪುನಸ್ಕಾರವೂ ಇಲ್ಲ, ನನ್ನ ಹೆಸರನ್ನೇ ಮೊದಲು ಬರೆದುಕೊಂಡೆ, ಅವಳದು ಆಮೇಲೆ. ಅವಳ ಸಾವಿರ ನನಗೆ ಬಂತು, ನನ್ನ ಸಾವಿರದ ಒಂದು ಅವಳಿಗೆ ಹೋಯಿತು. ಅಲ್ಲಿಗೆ ಅವಳದೆಲ್ಲ ನನ್ನದು, ನನ್ನದೆಲ್ಲ ಅವಳದು.

ಪರೀಕ್ಷೆಗೆಂದು ಅವಳ ಫೋಲ್ಡರ್ ಒತ್ತಿದೆ. ತೆರೆದುಕೊಂಡಿತು. ಹೋಳಿಗೆಯ ಅಳತೆ, ಸೊಸೈಟಿ ಮೀಟಿಂಗಿನ ವರದಿ, ಅವುಗಳ ನಡುವೆ 'ಇವರು' ಎಂಬ ಒಂದು ಫೈಲು. ಧಾರವಾಡದ ಮನೆಗಳಲ್ಲಿ ಬೆಳೆದ ಹೆಣ್ಣುಮಗಳು 'ಇವರು' ಎಂದರೆ ಯಾರೆಂದು ಬಿಡಿಸಿ ಹೇಳಬೇಕಿಲ್ಲ. ಓದಬಾರದಿತ್ತು. ಓದಿದೆ.

"ಲೋಕಲ್ ರೈಲಿನಲ್ಲಿ ಕಿಟಕಿ ಸೀಟು ಸಿಕ್ಕ ದಿನ ಇವರು ಬಡ್ತಿ ಸಿಕ್ಕವರಂತೆ ಮನೆಗೆ ಬರುತ್ತಾರೆ. ಕುಕ್ಕರಿನ ಮೂರು ಸೀಟಿ ಎಣಿಸಿ ಹೇಳಿ, ಅಡುಗೆ ತಾವೇ ಮಾಡಿದಂತೆ ಊಟಕ್ಕೆ ಕೂಡುತ್ತಾರೆ."

ಮೂರು ಕಡೆ ಜೋರಾಗಿ ನಕ್ಕೆ. ಆಮೇಲೆ ದಂಗಾದೆ. ಇಪ್ಪತ್ತಾರು ವರ್ಷ ಒಂದೇ ಮನೆಯಲ್ಲಿದ್ದೂ ಇವಳು ಬರೆಯುತ್ತಾಳೆಂದು ನನಗೆ ಗೊತ್ತಿರಲಿಲ್ಲ. ಅದೂ ನನಗಿಂತ ಚೆನ್ನಾಗಿ. ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ. ಆ ಕಿಚ್ಚು ಆರುವ ಮೊದಲೇ ಇನ್ನೊಂದು ಸಂಗತಿ ಹೊಳೆದು ಬೆವತೆ. ಅವಳದು ನನಗೆ ತೆರೆಯುತ್ತದೆಂದರೆ, ನನ್ನದು?

"ಮುಂಜಾನೆ ನನ್ನ ಫೈಲ್ ಹುಡಕ್ಲಿಕ್ಕೆ ಕೂತಿದ್ದೆ, ಅದು ತಗೀಲೇ ಇಲ್ಲ. ನಿಮ್ದು ತಗೀತು," ಎಂದು ಬೆನ್ನ ಹಿಂದೆ ಅವಳ ದನಿ. ಕೈಯಲ್ಲಿ ಶೇಂಗಾ ಚಟ್ನಿಯ ಡಬ್ಬಿ. "ಪೂರಾ ಓದೀನ್ರಿ. ಮುನ್ನೂರಲ್ಲ, ಎಂಬತ್ತೇಳು ಅವ."

ಫೈಲುಗಳ ಒಡೆತನ ಅದಲುಬದಲು ಮಾಡುವ ಆಜ್ಞೆಯ ಸಾಲನ್ನು ಮಗಳು ಫೋನಿಗೆ ಕಳಿಸಿದ್ದಳು. ಅದನ್ನು ಬರೆದು ಒಂದು ಕೀಲಿ ಒತ್ತಿದ್ದರೆ ಎಲ್ಲ ಮೊದಲಿನಂತಾಗುತ್ತಿತ್ತು, ನನ್ನ ಡಬ್ಬಿ ಪ್ರಬಂಧವೂ ಹೊತ್ತಿಗೆ ಸರಿಯಾಗಿ ಹೋಗುತ್ತಿತ್ತು. ಆದರೆ ಅವಳದನ್ನು ಓದಿದ ಮೇಲೆ ನನ್ನದನ್ನು ಕಳಿಸುವ ಮುಖ ಉಳಿದಿರಲಿಲ್ಲ.

"ಸಂಘಕ್ಕ ನಿಂದು ಕಳಸ್ಲೇನು?" ಎಂದೆ.

ಅವಳು ಪರದೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು.

"ಫೈಲ್ ಈಗ ನಿಮ್ದೇ ಅದ, ಕಳಸ್ರಿ. ಕೆಳಗ ಹೆಸರು ಮಾತ್ರ ನಂದಿರ್ಲಿ."