ಬಾಲ ಬಿಚ್ಚಿದ ಮೇಲೆ

ದೆವ್ವ, ಗಾಳಿ, ಮೈಮೇಲೆ ಬರುವುದು ಇವನ್ನೆಲ್ಲ ನಂಬುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಸಡ್ಡೆ. ತೀರಾ ಓದಿದವರ ಮೇಲೂ ಅಂಥ ಗೌರವವೇನಿಲ್ಲ. ಹಾಗಿದ್ದೂ ಇದನ್ನು ಬರೆಯುತ್ತಿದ್ದೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಕೆಲವು ವರ್ಷದ ಹಿಂದೆ ನನ್ನ ತಂಗಿಯ ಮಗ ಪ್ರದೀಪ ಪಿರಿಯಾಪಟ್ಟಣದ ಹತ್ತಿರದ ನಮ್ಮೂರಿಗೆ ಬಂದಿದ್ದ. ಪಳೆಯುಳಿಕೆ ನೋಡಿ ಪ್ರಾಣಿಗಳ ಮೈಯ ಆಕಾರ ಹೇಗೆ ಬದಲಾಗುತ್ತ ಬಂತು ಅಂತ ಓದುತ್ತಿದ್ದವನು. ಕೋಳಿಗಳ ಪೂರ್ವಿಕರು ಡೈನೋಸಾರ್‌ಗಳಂತೆ, ಅವಕ್ಕೆ ಭಾರದ ಬಾಲವಿತ್ತಂತೆ, ಬಾಲ ಗಿಡ್ಡವಾಗುತ್ತ ತೊಡೆ ಬಾಗಿ ನಡಿಗೆಯೇ ಬೇರೆಯಾಯಿತಂತೆ. ಅದನ್ನು ಪರೀಕ್ಷಿಸಲು ಈಗಿನ ಕೋಳಿಗೆ ನೆಲ ಮುಟ್ಟುವ ಮರದ ಬಾಲ ಕಟ್ಟಿ ನಡೆಸಬೇಕಂತೆ. ಇಷ್ಟಕ್ಕೆ ಅವನು ಅಷ್ಟು ವರ್ಷ ಓದಿದ್ದ.

ಊರ ತುಂಬ ಕೋಳಿ. ಇವನ ಕೈಗೆ ಸಿಕ್ಕಿದ್ದು ಹಿತ್ತಿಲಲ್ಲಿ ಕಟ್ಟಿಹಾಕಿದ್ದ ಹರಕೆ ಕೋಳಿ. ಕಣ್ಣಿನ ಪೊರೆ ತೆಗೆಸಿಕೊಳ್ಳುವ ಮೊದಲು ನಮ್ಮತ್ತೆ ಊರದೇವತೆ ಮಾರಮ್ಮನಿಗೆ ಅಂತ ಬಿಟ್ಟಿದ್ದು. ಆಪರೇಷನ್ ಆಗಿ ಅವರು ಕೆ.ಆರ್. ನಗರದ ಮಗಳ ಮನೆಯಲ್ಲಿದ್ದರು. ಹೋಗುವಾಗ, "ಊನ ಆದ ಕೋಳಿನ ಅವ್ವ ಮುಟ್ಟಾಕಿಲ್ಲ ಕಣವ್ವ, ಜ್ವಾಪಾನ" ಅಂದಿದ್ದರು. ನಾನು ಅವರೆಕಾಯಿ ಬಿಡಿಸಿ ಎದ್ದು ನೋಡುವಷ್ಟರಲ್ಲಿ ಕೋಳಿಗೆ ಬಾಲ.

"ಹಳೇ ಕಾಲದ ಕೋಳಿ ಆಯ್ತಾ ಈಗ?" ಅಂದೆ.

"ಆಗಲ್ಲ ದೊಡ್ಡಮ್ಮ. ನಡಿಗೆ ಹೆಂಗಿತ್ತು ಅಂತ ಗೊತ್ತಾಗುತ್ತೆ ಅಷ್ಟೇ."

"ಅತ್ತೆ ಬರ್ಲಿ, ನಿನ್ನ ನಡಿಗೆ ಹೆಂಗಾಯ್ತದೆ ಅಂತ್ಲೂ ಗೊತ್ತಾಯ್ತದೆ ಬುಡು."

ಅತ್ತೆ ಬರುವ ಹಿಂದಿನ ದಿನ ಬಾಲ ಬಿಚ್ಚಿಸಿ ನಾನೇ ಒಲೆಗೆ ಹಾಕಿದೆ. ಕೋಳಿಗೆ ಒಂದು ಗೀರೂ ಆಗಿರಲಿಲ್ಲ.

ಬೆಳಿಗ್ಗೆ ಅಂಗಳ ಸಾರಿಸಿದೆ. ಸಗಣಿ ಹಸಿಯಿರುವಾಗಲೇ ಕಟ್ಟು ಬಿಚ್ಚಿಕೊಂಡ ಕೋಳಿ ಅಡ್ಡ ಹೋಯಿತು. ಬೈಯಲು ಹೋದವಳು ಹಾಗೇ ನಿಂತೆ. ಹೆಜ್ಜೆಗಳ ನಡುವೆ, ಕಡ್ಡಿ ಎಳೆದ ಹಾಗೆ, ಉದ್ದಕ್ಕೂ ಗೆರೆ. ದಾರ ಸಿಕ್ಕಿಕೊಂಡಿರಬೇಕು ಅಂತ ಹಿಡಿದು ರೆಕ್ಕೆ, ಪುಕ್ಕ ಎಲ್ಲ ಬಿಡಿಸಿ ನೋಡಿದೆ. ಏನೂ ಇಲ್ಲ. ಬಿಟ್ಟೆ. ಮತ್ತೆ ಗೆರೆ.

ಪ್ರದೀಪನನ್ನು ಕರೆದು ತೋರಿಸಿದೆ. ದಿನವಿಡೀ ಕೋಳಿ ಕಾಲು ಅಳೆಯುತ್ತಿದ್ದ ಪಂಡಿತ ಅವತ್ತು ಟೇಪೂ ತರಲಿಲ್ಲ, ಫೋಟೋನೂ ತೆಗೆಯಲಿಲ್ಲ. ಕಾಲಿನಿಂದ ಗೆರೆ ಉಜ್ಜಿಬಿಟ್ಟು, "ಅಜ್ಜಿಗೆ ಹೇಳ್ಬೇಡಿ" ಅಂದ. ಕೋಟ್ಯಂತರ ವರ್ಷದ ಹಿಂದೆ ಕಲ್ಲಿನಲ್ಲಿ ಮೂಡಿದ ಹೆಜ್ಜೆಯನ್ನು ನಂಬುವವನಿಗೆ ಕಾಲ ಬುಡದಲ್ಲಿದ್ದದ್ದು ಬೇಡವಾಯಿತು. ಕೋಳಿಯನ್ನು ಮಂಕರಿಯಡಿ ಕವುಚಿ ನಾನು ಮತ್ತೆ ಸಾರಿಸಿದೆ.

ಅತ್ತೆ ಬರುವ ಹೊತ್ತಿಗೆ ಅಂಗಳ ಒಣಗಿತ್ತು. ಕಪ್ಪು ಕನ್ನಡಕ ಹಾಕಿಕೊಂಡೇ ಜಗಲಿ ಮೇಲೆ ಕೂತು ಕೋಳಿ ಬಿಡಿಸಿ ನೋಡಿದರು. ಅದು ನಮ್ಮ ಮುಂದೆ ಅಂಗಳ ದಾಟಿತು. ನೆಲದ ಮೇಲೆ ಒಂದು ಗುರುತೂ ಇಲ್ಲ.

"ಇದು ಬ್ಯಾಡ ಕಣವ್ವ, ಬ್ಯಾರೆ ತರ್ಸು" ಅಂದರು.

"ಯಾಕತ್ತೆ, ಚೆನ್ನಾಗೇ ಅದಲ್ಲ?" ಅನ್ನುತ್ತ ಅದನ್ನು ಹಿಡಿಯಲು ಕೆಳಗಿಳಿದೆ.

"ತುಳ್ದೀಯೆ, ನಿಂತ್ಕೊ. ಅದು ಪೂರಾ ದಾಟ್ಲಿ."

ಕೋಳಿ ಆಗಲೇ ಹಿತ್ತಿಲ ಬಾಗಿಲಲ್ಲಿತ್ತು.

ಹರಕೆಗೆ ಸಂತೆಯಿಂದ ಬೇರೆ ಕೋಳಿ ತಂದೆವು. ಪ್ರದೀಪ ಡಾಕ್ಟರೇಟ್ ತಗೊಂಡ. ಈ ಸಂಗತಿ ಎತ್ತಿದರೆ ಸಿಗ್ನಲ್ ಇಲ್ಲ ಅಂತ ಫೋನ್ ಇಡುತ್ತಾನೆ. ಅತ್ತೆ ಬಂದ ವಾರಕ್ಕೆ ತೋರಿಸಲು ಹೋದಾಗ ಕಣ್ಣಿನ ಡಾಕ್ಟರು, ಅವರಿಗೆ ಎಲ್ಲ ಸರಿಯಾಗಿ ಕಾಣುತ್ತಿದೆ ಅಂದರು. ಏನು ಕಾಣುತ್ತಿದೆ ಅಂತ ಕೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.