ಎರಡನೇ ಸ್ಪೀಕರು ಮಾಡಿದ್ದು ನಾನೇ

ನನ್ನ ರೂಮ್‌ಮೇಟ್‌ನನ್ನು ಇಡೀ ಹಾಸ್ಟೆಲ್ ‘ಟೇಪು’ ಎಂದು ಕರೆಯುತ್ತದೆ. ಕಿತ್ತುಹೋದ ಚಾರ್ಜರು, ಮುರಿದ ಕನ್ನಡಕ, ಏನು ಕೊಟ್ಟರೂ ಟೇಪು ಸುತ್ತಿ ವಾಪಸು ಕೊಡುತ್ತಾನೆ. ಅವನ ಅಪ್ಪನದು ಅವರೂರಿನ ಬಸ್ ನಿಲ್ದಾಣದ ಪಕ್ಕ ಶೂ ರಿಪೇರಿ ಅಂಗಡಿ. ರಜೆಯಲ್ಲಿ ಇವನೂ ಅಲ್ಲೇ ಕೂತು ಅಟ್ಟೆ ಅಂಟಿಸುತ್ತಾನೆ. ಓದಿನಲ್ಲಿ ನನಗಿಂತ ಹಿಂದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆಲ್ಲ ಅವನ ಹೊಗಳಿಕೆಯೇ ಬರುವುದರಿಂದ.

ಸ್ಪೀಕರುಗಳು ನನ್ನವು. ಸಂಜೆಯ ಟೀ ಬಿಟ್ಟು ಉಳಿಸಿದ ದುಡ್ಡಿನಲ್ಲಿ ಹಳೇ ಸಾಮಾನಿನ ಅಂಗಡಿಯಿಂದ ಹೊತ್ತು ತಂದ ಜೋಡಿ. ತಂದ ದಿನವೇ ಎರಡೂ ಗರಗರ ಎಂದವು. ಮುಂದಿನ ಜಾಲರಿ ತೆಗೆದು ನೋಡಿದರೆ, ಕಾಗದದ ಕೋನಿನ ಸುತ್ತ ಇರುವ ಸ್ಪಂಜಿನ ಉಂಗುರ ಮುಟ್ಟಿದಲ್ಲೆಲ್ಲ ಪುಡಿ. ರಿಪೇರಿ ಅಂಗಡಿಯವರು, “ಇದಕ್ಕೆ ಖರ್ಚು ಮಾಡೋ ಬದಲು ಹೊಸದೇ ತಗೊಂಡುಬಿಡಿ” ಎಂದರು. ಹೊಸದು ಕೊಳ್ಳುವ ಯೋಗ್ಯತೆ ಇದ್ದಿದ್ದರೆ ಇದನ್ನೇಕೆ ಹೊತ್ತು ತರುತ್ತಿದ್ದೆ?

ಟೇಪು ಅಪ್ಪನ ಅಂಗಡಿಯಿಂದ ಶೂ ಒಳಗೆ ಹಾಕುವ ತೆಳು ಚರ್ಮ ತಂದು ಒಂದು ಸ್ಪೀಕರಿಗೆ ಉಂಗುರ ಕತ್ತರಿಸಿದ. ಕೋನಿನ ನಡುವಿನ ಪುಟ್ಟ ಮುಚ್ಚಳ ಬಿಡಿಸಿದ. ಒಳಗಿನ ಸುರುಳಿ ಆಚೀಚೆ ವಾಲದಂತೆ ಅದರ ಸುತ್ತ ಹಳೇ ಎಕ್ಸ್‌ರೇ ಫಿಲ್ಮಿನ ನಾಲ್ಕು ಪಟ್ಟಿ ಸಿಕ್ಕಿಸಿದ. ಅಂಟು ಹಚ್ಚಿ ಸುಮ್ಮನೆ ಕೂತ.

“ಒತ್ತೋ ಬೇಗ,” ಎಂದೆ.

“ಬೆರಳಿಗೆ ಅಂಟದಷ್ಟು ಒಣಗಬೇಕು, ಆಮೇಲೆ ಒತ್ತಬೇಕು. ಅಪ್ಪ ಹೇಳ್ತಾರೆ, ಅವಸರ ಮಾಡಿದ್ರೆ ಅಟ್ಟೆ ವಾರಕ್ಕೇ ಬಾಯಿ ಬಿಡುತ್ತೆ ಅಂತ.”

ಮಾರನೇ ದಿನ ಮೊದಲನೇ ಸ್ಪೀಕರು ಹಾಡಿತು. ಹಾಡಿನ ಕೆಳಗಿನ ಗುಮ್ಮೆನ್ನುವ ದನಿ ಕೂಡ ಸ್ಪಷ್ಟ. ಅಕ್ಕಪಕ್ಕದ ರೂಮಿನವರೆಲ್ಲ ಬಂದು ಅವನ ಬೆನ್ನು ತಟ್ಟಿದರು. ಸ್ಪೀಕರು ಯಾರದು ಎಂದು ಒಬ್ಬನೂ ಕೇಳಲಿಲ್ಲ. ಅದನ್ನಾದರೂ ಸಹಿಸಿಕೊಂಡೆ. ಅಮ್ಮ ಫೋನಿನಲ್ಲಿ ಹಾಡು ಕೇಳಿಸಿಕೊಂಡು, “ಟೇಪು ಮಾಡಿದ್ದಾ? ಕೈ ಅಂದ್ರೆ ಅದು ಕಣೋ. ನೀನು ಮುಟ್ಟಿದ್ದು ಯಾವತ್ತು ಉಳಿದಿದೆ?” ಎಂದಳು. ಹೆತ್ತವಳ ಬಾಯಲ್ಲಿ ಹುಟ್ಟಿದಾಗಿನಿಂದ ಕೇಳದ ಮಾತು, ಅವನಿಗೆ ಪುಕ್ಕಟೆ ಸಿಕ್ಕಿತು.

ಭಾನುವಾರ ಅಮ್ಮ ನನ್ನನ್ನು ನೋಡಲು ಬರುವವಳಿದ್ದಳು. ಅಷ್ಟರಲ್ಲಿ ಎರಡನೆಯದನ್ನು ನಾನೇ ಮಾಡಿ ತೋರಿಸಬೇಕು ಎಂದು ಹಟ ಹಿಡಿದೆ. ಶನಿವಾರ ಟೇಪು ಅಪ್ಪನ ಅಂಗಡಿಗೆ ಹೋಗಿದ್ದಾಗ ಚರ್ಮ ಕತ್ತರಿಸಿದೆ, ಪಟ್ಟಿ ಸಿಕ್ಕಿಸಿದೆ, ಅಂಟು ಹಚ್ಚಿ ಬೆರಳಿಟ್ಟು ನೋಡುತ್ತ ಕಾದೆ. ಒಂದೂ ಬಿಡಲಿಲ್ಲ. ಹೆಮ್ಮೆಯಿಂದ ನಡುವಿನ ಮುಚ್ಚಳವನ್ನೂ ಅಂಟಿಸಿ ಮಲಗಿದೆ.

ಭಾನುವಾರ ಬೆಳಿಗ್ಗೆ ವೈರು ಜೋಡಿಸಿದರೆ, ಇಲಿ ಕೂಗಿದ ಹಾಗೆ ಕಿಚಕಿಚ. ಕೋನು ಅಲ್ಲಾಡುತ್ತಲೇ ಇರಲಿಲ್ಲ. ಅಷ್ಟರಲ್ಲಿ ಅಮ್ಮ ಬಂದಳು. ಚೀಲ ಇಟ್ಟು, ಮುಖ ತೊಳೆಯಲು ಬಚ್ಚಲಿಗೆ ಹೋದಳು.

ಆಗಷ್ಟೇ ಊರಿಂದ ವಾಪಸಾಗಿದ್ದ ಟೇಪು ಕೋನನ್ನು ಒಮ್ಮೆ ಒತ್ತಿ ನೋಡಿದ.

“ಪಟ್ಟಿ ತೆಗೆದಿದ್ದೀಯಾ?”

ಅಂಟು ಒಣಗಿದ ಮೇಲೆ ತೆಗೆಯಬೇಕಿದ್ದ ನಾಲ್ಕೂ ಒಳಗೇ ಇದ್ದವು, ಸುರುಳಿಯನ್ನು ಬಿಗಿಯಾಗಿ ಹಿಡಿದುಕೊಂಡು. ಅವನು ನಗಲಿಲ್ಲ. ನಕ್ಕಿದ್ದರೆ ಒಂದು ಜಗಳ ಆಡಿ ಹಗುರಾಗುತ್ತಿದ್ದೆ. ಬ್ಲೇಡಿನಿಂದ ಮುಚ್ಚಳ ಎಬ್ಬಿಸಿ, ಪಟ್ಟಿಗಳನ್ನು ಒಂದೊಂದಾಗಿ ಎಳೆದು, ಅಮ್ಮ ಟವೆಲಿನಲ್ಲಿ ಮುಖ ಒರೆಸಿಕೊಂಡು ಬರುವಷ್ಟರಲ್ಲಿ ಮುಚ್ಚಳ ಕೂರಿಸಿ ಹಾಡು ಹಾಕಿದ. ಎರಡೂ ಸ್ಪೀಕರು ಒಟ್ಟಿಗೆ ಹಾಡಿದವು.

“ಈ ಎರಡನೇದು ಇವನೇ ಮಾಡಿದ್ದು ಅಮ್ಮ. ನಾನು ಊರಲ್ಲೇ ಇರಲಿಲ್ಲ,” ಎಂದ.

ಇಂಥವನನ್ನು ದ್ವೇಷಿಸಲೂ ನೆಮ್ಮದಿಯಿಲ್ಲ. ಆದರೂ ನಾನು ಅಲ್ಲಗಳೆಯಲಿಲ್ಲ. ಅಮ್ಮನ ಮುಖವನ್ನೇ ನೋಡುತ್ತ ನಿಂತೆ.

ಅಮ್ಮ ಬಗ್ಗಿ ಒಂದು ಸ್ಪೀಕರಿಗೆ ಕಿವಿಯಿಟ್ಟಳು, ಆಮೇಲೆ ಇನ್ನೊಂದಕ್ಕೆ. ಚರ್ಮದ ಅಂಚನ್ನು ಬೆರಳಿನಿಂದ ಸವರಿದಳು. ಅವಳ ಕಣ್ಣು ತುಂಬಿತು. ಕೈ ಚಾಚಿ ಟೇಪುವಿನ ತಲೆ ನೇವರಿಸಿದಳು.

“ಇವನಿಗೂ ಕಲಿಸಿಬಿಟ್ಟೆಯಲ್ಲಪ್ಪಾ. ಇಪ್ಪತ್ತು ವರ್ಷ ನನ್ನ ಕೈಲಿ ಆಗಿರಲಿಲ್ಲ.”