ಹೊಳಿಯಮ್ಮನ ತೆಪ್ಪದ ಮಾತು

ಹುಲಿಗಿಯ ಗುಡಿಯ ಮೈಕು ಇನ್ನೂ ಎದ್ದಿಲ್ಲ. ತುಂಗಭದ್ರೆಯ ನಡುನೀರಿನಲ್ಲಿ, ಬುಟ್ಟಿಯಂಥ ತೆಪ್ಪದೊಳಗೆ ಕುಳಿತ ಹೊಳಿಯಮ್ಮ ರಾತ್ರಿ ಬಿಟ್ಟಿದ್ದ ಬಲೆಯ ತುದಿ ಹುಡುಕುತ್ತಿದ್ದಾರೆ. ಎದುರಿಗೆ ಹುಟ್ಟು ಹಿಡಿದ ಸೊಸೆ ಹುಲಿಗವ್ವ. ನಡುವೆ, ಎರಡೂ ಕೈಯಲ್ಲಿ ತೆಪ್ಪದ ಅಂಚು ಅವಚಿಕೊಂಡು, ಅವರ ಬದುಕಿನ ಕಥೆ ಕೇಳಲು ಬಂದ ನಾನು. ಮೀನು ಸಿಗುತ್ತವೆಯೇ ಎಂದು ಬಾಯಿಬಿಟ್ಟದ್ದೇ ತಪ್ಪಾಯಿತು.

"ತೆಪ್ಪದಾಗ ಕನ್ನಡ ಬ್ಯಾಡ್ರಿ," ಹೊಳಿಯಮ್ಮ ಪಿಸುಗುಟ್ಟುತ್ತಾರೆ, ಅದೂ ಕನ್ನಡದಲ್ಲೇ. "ಈ ಹೊಳ್ಯಾಗಿನ ಮೀನಿಗೆಲ್ಲ ಕನ್ನಡ ತಿಳಿತೈತಿ. ಎಲ್ಲಿ ಬಲಿ ಬಿಟ್ಟೀವಿ ಅಂತ ಕೇಳಿಸ್ಕೊಂಡು ದೂರ ಹೋಗ್ತಾವ."

ಇದು ಅವರ ಮಾವ ಹಾಕಿಕೊಟ್ಟ ನೇಮವಂತೆ. ನಿಜಕ್ಕೂ ನಂಬುತ್ತೀರಾ ಎಂದರೆ ನಗುತ್ತಾರೆ, ಆದರೆ ಸೊಸೆಯೊಂದಿಗೆ ಮಾತಾಡುವಾಗ ನೇಮ ಮುರಿಯುವುದಿಲ್ಲ. ಹೊಳಿಯಮ್ಮ ಹೊಳೆಯಲ್ಲಿ ಮೀನು ಹಿಡಿದು ಬದುಕುವ ಸಿಳ್ಳೇಕ್ಯಾತ ಜನದವರು. ಮನೆಮಾತು ಮರಾಠಿಯ ದೂರದ ನೆಂಟ. ಅದನ್ನು ಬರೆದಿಟ್ಟವರನ್ನು ಅವರು ಕಂಡಿಲ್ಲ. ದಂಡೆಗೆ ಬಂದರೆ ಶಾಲೆ, ಸಂತೆ, ಟಿವಿ ಎಲ್ಲವೂ ಕನ್ನಡ. ಮೀನು ಕೊಳ್ಳುವ ಶಫೀಸಾಬರೊಂದಿಗೆ ಉರ್ದು ಬೆರೆತ ಕನ್ನಡ. ಗಂಗಾವತಿಯಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುವ ಮಗನೂ ತಾಯಿಗೆ ಕನ್ನಡದಲ್ಲೇ ಫೋನು ಮಾಡುತ್ತಾನೆ. ಮನೆಮಾತಿಗೆ ಉಳಿದಿರುವ ಜಾಗ ಈ ತೆಪ್ಪವೊಂದೇ. ಅವರ ಮೊಣಕಾಲೋ, ಈಗೀಗ ತೆಪ್ಪ ಹತ್ತಲು ಒಲ್ಲೆ ಎನ್ನುತ್ತಿದೆ.

ಇನ್ನು ಮುಂದಿನದೆಲ್ಲ ಸೊಸೆಯ ಕೈಯಲ್ಲಿದೆ. ಹುಲಿಗವ್ವ ಇದೇ ಜನದವಳಾದರೂ ಹಾಸ್ಟೆಲಿನಲ್ಲಿ ಬೆಳೆದವಳು, ಮದುವೆಯಾಗಿ ಬಂದಾಗ ಮನೆಮಾತು ಬರುತ್ತಿರಲಿಲ್ಲ. ಮೊದಲ ಸಲ ತೆಪ್ಪ ಏರಿದ ದಿನವೇ ಬಲೆಗೆ ದೊಡ್ಡ ಮೀನು ಬಿದ್ದಿತ್ತು. ಅತ್ತೆ "ಓಡ, ಓಡ" ಎಂದು ಕೂಗಿದರು.

"ಮೊಸಳಿ ಬಂತೇನೋ ಅಂತ ಎದ್ದು ನಿಂತ್ಬಿಟ್ಟೆ ನೋಡ್ರಿ. ನೀರಾಗ ಎಲ್ಲಿಗಿ ಓಡ್ಲಿ ಅನ್ನೋದು ಹೊಳೀಲೇ ಇಲ್ಲ," ಎಂದು ಹುಲಿಗವ್ವ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಾಳೆ. ಅವರ ಮಾತಿನಲ್ಲಿ 'ಓಡ' ಎಂದರೆ ಓಡು ಅಲ್ಲ, 'ಎಳೆ'. ತೆಪ್ಪ ಮಗುಚಿ ಅತ್ತೆ, ಸೊಸೆ, ಮೀನು ಎಲ್ಲರೂ ನೀರುಪಾಲು.

"ಮೀನಷ್ಟ ಹೋತು, ಸೊಸಿ ಸಿಕ್ಕಳು," ಎನ್ನುತ್ತಾರೆ ಹೊಳಿಯಮ್ಮ. ಆ ದಿನವೇ ತೆಪ್ಪದ ಪಾಠ ಶುರುವಾಯಿತು. ಗಾಳಿ, ಸುಳಿ, ಗಂಟು, ಬೈಗುಳ, ಎಲ್ಲವೂ ಒಂದೊಂದಾಗಿ ಸೊಸೆಯ ಬಾಯಿಗೆ ಬಂದವು. ಬೈಗುಳ ಮಾತ್ರ ಎಲ್ಲಕ್ಕಿಂತ ಬೇಗ ಬಂದವಂತೆ.

ಅಷ್ಟರಲ್ಲಿ ಬಲೆಯ ಬೆಂಡು ಮುಳುಗುತ್ತದೆ. ಮೊದಲು ಕಂಡವಳು ಹುಲಿಗವ್ವ. "ಓಡ!" ಎನ್ನುತ್ತಾಳೆ. ಅತ್ತೆ ಥಟ್ಟನೆ ಎಳೆಯುತ್ತಾರೆ, ಅವರ ಮುಖ ಅರಳುತ್ತದೆ. ಅರ್ಥ ಗೊತ್ತಿದ್ದೂ ನಾನು ಎದ್ದೇಬಿಟ್ಟಿದ್ದೆ, ಸೊಸೆ ನನ್ನ ಭುಜ ಒತ್ತಿ ಕೂರಿಸುತ್ತಾಳೆ. ಬಲೆಯಲ್ಲಿ ಎರಡು ಮೀನು. ಕಡಿಮೆ ಬಿದ್ದದ್ದಕ್ಕೆ ನನ್ನ ಕನ್ನಡವೇ ಕಾರಣವೆಂದು ಇಬ್ಬರೂ ತೀರ್ಮಾನಿಸುತ್ತಾರೆ.

ದಂಡೆಯಲ್ಲಿ ನೆರೆಮನೆಯ ಮಾಶಾಬಿ, ಹುಲಿಗವ್ವನ ಪುಟ್ಟ ಮಗಳನ್ನು ಎತ್ತಿಕೊಂಡು ಕಾಯುತ್ತಿದ್ದಾರೆ. ಹೊಳಿಯಮ್ಮ ಒದ್ದೆ ಕೈ ಒರೆಸಿಕೊಂಡು ಮೊಮ್ಮಗಳನ್ನು ಎತ್ತಿಕೊಳ್ಳುತ್ತಾರೆ. ಏನು ಆಸೆ ಉಳಿದಿದೆ ಎಂದು ಕೇಳುತ್ತೇನೆ.

"ನನ್ನ ಮೊಣಕಾಲು ಪೂರಾ ನಿಲ್ಲೋದ್ರಾಗ ಇಕಿನ್ನ ತೆಪ್ಪದಾಗ ಕುಂದ್ರಿಸಬೇಕ್ರಿ. ಸಾಲ್ಯಾಗ ಮಾಸ್ತರು ಓಡು ಅಂದ್ರ ಓಡ್ಲಿ. ತೆಪ್ಪದಾಗ ಅವ್ವ ಓಡ ಅಂದ್ರ ಕುಂತು ಎಳೀಲಿ."